ಹೂಂ ಅಂದವರು

"ನೀರು ಕುಡೀತೀರಾ?" ಎಂದು ಸುಮಿತ್ರ ಕೇಳಿದಳು. ಅವಳಿಗೆ ಬೇಕಾಗಿದ್ದದ್ದು ಉತ್ತರವಲ್ಲ, ದನಿ.

ಗಂಡನ ಬ್ಯಾಂಕಿನಿಂದ ಬಂದಿದ್ದ ಶ್ರೀವಿದ್ಯಾ ಗಾಬರಿಯಾದಳು. ಸತ್ತವನ ಹೆಂಡತಿಯೇ ಎದ್ದು ಬಂದು ಉಪಚಾರ ಮಾಡುವುದನ್ನು ಅವಳು ಎಲ್ಲೂ ಕಂಡಿರಲಿಲ್ಲ. "ವೇಂಡ ಚೇಚಿ," ಬೇಡ ಅಕ್ಕಾ, ಎಂದು ಮಲಯಾಳದಲ್ಲಿ ಹೇಳಿ ಸುಮಿತ್ರಳ ಕೈಹಿಡಿದು ಮತ್ತೆ ಚಾಪೆಯ ಮೇಲೆ ಕೂರಿಸಿದಳು. ಒಡಕು ದನಿ. ಇವಳಲ್ಲ. ಆದರೆ ಕೈಹಿಡಿದ ಬೆರಳುಗಳ ಉಗುರಿಗೆ ಕೆಂಪು ಬಣ್ಣವಿತ್ತು, ಹಾಗಾಗಿ ಸುಮಿತ್ರ ಅವಳನ್ನು ಪೂರ್ತಿ ಕೈಬಿಡಲಿಲ್ಲ. ದನಿಯನ್ನು ಯಾರು ಬೇಕಾದರೂ ಬದಲಾಯಿಸಬಹುದು.

ಬೆಳಗಿನಿಂದ ಹೀಗೇ ನಡೆದಿತ್ತು. ಕೊಚ್ಚಿಯ ಅಂಚಿನ ಅಂಬಲಮುಗಳ್‌ನ ಆ ಬಾಡಿಗೆ ಮನೆಯ ಹಾಲಿನ ನಡುವೆ, ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆಯೊಳಗೆ ಸುಧನ್ವ ಮಲಗಿದ್ದ. ಬಂದವರು ಪೆಟ್ಟಿಗೆಯನ್ನು ನೋಡುತ್ತಿದ್ದರು, ಸುಮಿತ್ರ ಬಂದವರನ್ನು ನೋಡುತ್ತಿದ್ದಳು. ಗಂಡಸರ ತಂಟೆಗೆ ಅವಳು ಹೋಗಲಿಲ್ಲ. ಹೆಂಗಸರನ್ನು ಮಾತ್ರ ಒಬ್ಬರನ್ನೂ ಬಿಡದೆ ಮಾತಾಡಿಸಿದಳು. ಎಲ್ಲಿಂದ ಬಂದಿರಿ, ಬಸ್ಸು ಸಿಕ್ಕಿತೇ, ಮಕ್ಕಳು ಹೇಗಿದ್ದಾರೆ. ಪಾಪ, ಎಷ್ಟು ಗಟ್ಟಿ ಹೆಂಗಸು ಎಂದು ಅವರು ಕಣ್ಣು ಒರೆಸಿಕೊಂಡರು. ದುಃಖ ಇರಲಿಲ್ಲವೆಂದಲ್ಲ. ಇತ್ತು. ಆದರೆ ಅದಕ್ಕಿಂತ ಮುಂದೆ ನಿಂತು ಬಾಗಿಲು ಕಾಯುತ್ತಿದ್ದದ್ದು ಅನುಮಾನ.

ಅವಳು ಹುಡುಕುತ್ತಿದ್ದದ್ದು ನಿನ್ನೆಯ ದನಿಯನ್ನು. ನಿನ್ನೆ ಮಧ್ಯಾಹ್ನ ಸುಧನ್ವನ ನಂಬರಿನಿಂದ ಫೋನ್ ಬಂದಿತ್ತು. ಎತ್ತಿದರೆ ಹೆಂಗಸು. ಅದೂ ಕನ್ನಡದಲ್ಲಿ, ಮಂಗಳೂರು ಕಡೆಯ ಕನ್ನಡದಲ್ಲಿ: "ಆಂಟೀ, ಸಾರ್‌ಗೆ ಎದೆನೋವು ಬಂತು. ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಇದ್ದೇವೆ." ಹೆಸರು ಕೇಳುವಷ್ಟರಲ್ಲಿ ಫೋನ್ ಕಟ್ಟಾಯಿತು. ಆಮೇಲೆ ಮಾತಾಡಿದ್ದೆಲ್ಲ ಸುಧನ್ವ ಗಿಟಾರ್ ನುಡಿಸುತ್ತಿದ್ದ ಬ್ಯಾಂಡಿನ ಡ್ರಮ್ಮರ್ ರಾಜೀವ್. ಸುದ್ದಿ ಕೇಳಿ ಕೊಚ್ಚಿಯಿಂದ ತಿರುವನಂತಪುರಕ್ಕೆ ಓಡಿದವನೂ ಅವನೇ, ಬೆಳಗಾಗುವ ಹೊತ್ತಿಗೆ ಆಂಬುಲೆನ್ಸಿನಲ್ಲಿ ದೇಹದ ಜೊತೆ ಬಂದಿಳಿದವನೂ ಅವನೇ. ಅಲ್ಲಿ ಶ್ರೀಕಾರ್ಯಂ ಎಂಬಲ್ಲಿ ಯಾವುದೋ ಕಾಲೇಜಿನ ಹಾಲಿನಲ್ಲಿ ಗಿಟಾರಿನ ಸೌಂಡ್ ಸರಿ ಮಾಡುತ್ತಿದ್ದಾಗ ಸುಧನ್ವ ಕುಸಿದುಬಿದ್ದನಂತೆ. ಜೊತೆಗೆ ಯಾರಿದ್ದರು ಎಂದು ಸುಮಿತ್ರಳ ಅಣ್ಣ ದಾಮೋದರ ಕೇಳಿದ್ದಕ್ಕೆ ರಾಜೀವ್ ತಲೆ ಕೆರೆದುಕೊಂಡು, ಕಾಲೇಜಿನವರು ಎಂದ. ಕಾಲೇಜಿನವರು ಎಂದರೆ ಯಾರು ಎಂದು ಮತ್ತೆ ಕೇಳಿದ್ದಕ್ಕೆ, ಹೂವು ಸಾಲದು, ತರುತ್ತೇನೆ ಎಂದು ಹೊರಗೆ ಹೋದ. ಮನೆಯಲ್ಲಿ ರಾಶಿ ಹೂವು ಬಿದ್ದಿತ್ತು.

ಆಂಟಿಯಂತೆ ಆಂಟಿ, ಎಂದು ಸುಮಿತ್ರ ಮನಸ್ಸಿನಲ್ಲೇ ಹಲ್ಲು ಕಡಿದಳು.

*

ಮದುವೆಯಾಗಿ ಮೈಸೂರಿನಿಂದ ಬಂದ ಹೊಸದರಲ್ಲಿ ಸುಧನ್ವ ಅವಳನ್ನು ಫೋರ್ಟ್ ಕೊಚ್ಚಿಯ ಹೋಟೆಲೊಂದಕ್ಕೆ ಕರೆದುಕೊಂಡು ಹೋಗಿದ್ದ. ವಾರವಿಡೀ ಸಾಲದ ಅರ್ಜಿ ನೋಡುವ ಮನುಷ್ಯ ಶನಿವಾರ ಸಂಜೆ ಅಲ್ಲಿ ಬ್ಯಾಂಡಿನವರ ಜೊತೆ ದಪ್ಪ ಸ್ವರದ ಬೇಸ್ ಗಿಟಾರ್ ನುಡಿಸುತ್ತಿದ್ದ. ಹಾಡುವವಳ ಹಾಡು ಕೇಳಿತು, ಡ್ರಮ್ ಕೇಳಿತು, ಕೀಬೋರ್ಡ್ ಕೇಳಿತು. ಗಂಡನ ಬೆರಳುಗಳು ತಂತಿಯ ಮೇಲೆ ಓಡಾಡಿದ್ದು ಕಂಡಿತು, ಏನೂ ಕೇಳಿಸಲಿಲ್ಲ. ಬೋಟಿನಲ್ಲಿ ವಾಪಸು ಬರುವಾಗ ಅವಳು ಹಾಗೆಂದು ಹೇಳಿಯೇಬಿಟ್ಟಳು. ನಿಜಕ್ಕೂ ನುಡಿಸಿದಿರಾ, ಇಲ್ಲ ಜಾಗ ತುಂಬಲಿ ಅಂತ ನಿಲ್ಲಿಸಿಕೊಂಡಿದ್ದಾರಾ ಎಂದೂ ಕೇಳಿದಳು. ಅನುಮಾನ ಅವಳಿಗೆ ಹುಟ್ಟಿನಿಂದ ಬಂದದ್ದು. ತರಕಾರಿಯವನ ತಕ್ಕಡಿಯನ್ನೂ ಅವಳು ಸುಮ್ಮನೆ ನಂಬಿದವಳಲ್ಲ.

ಸುಧನ್ವ ಬೇಸರಪಡಲಿಲ್ಲ. "ನಿಮ್ಮಜ್ಜಿ ಕತೆ ಹೇಳೋವಾಗ ಹೂಂ ಅಂತಿದ್ಯಲ್ಲ," ಎಂದ. "ಹೂಂಗುಟ್ಟೋರು ನಿಲ್ಸಿದ್ರೆ ಅಜ್ಜಿ ಕತೆ ನಿಲ್ಲಿಸ್ಬಿಡ್ತಾರೆ. ಹೂಂ ಜೋರಾಗಿಬಿಟ್ರೆ ಕತೆ ಕೇಳಿಸಲ್ಲ. ನಂದು ಆ ಕೆಲಸ."

ಆ ಹೂಂ ಅನ್ನು ಹದಕ್ಕೆ ತರುವುದರಲ್ಲೇ ಅವನ ಅರ್ಧ ಆಯುಸ್ಸು ಹೋಯಿತು. ಮನೆಯಲ್ಲಿ ಒಬ್ಬನೇ ನುಡಿಸುವಾಗ ದುಂಡಗೆ, ತುಂಬಿಕೊಂಡು ಕೇಳುವ ಸ್ವರ ಬ್ಯಾಂಡಿನ ನಡುವೆ ಸೇರಿದ ಕೂಡಲೇ ಎಲ್ಲಿಯೋ ಕರಗಿಹೋಗುತ್ತಿತ್ತು. ಬ್ಯಾಂಡಿನಲ್ಲಿ ಸರಿಯಾಗಿ ಕೂರುವ ಸ್ವರವನ್ನು ಮನೆಯಲ್ಲಿ ಕೇಳಿದರೆ ನೆಗಡಿಯಾದವರ ಮಾತಿನ ಹಾಗಿರುತ್ತಿತ್ತು. ಇದನ್ನು ಅವನು ಎಷ್ಟು ಸಲ ವಿವರಿಸಿದ್ದನೋ. ಹಿಂಗಿನ ಹಾಗೆ ಎಂದು ಅವಳು ತನ್ನ ಪಾಡಿಗೆ ಅರ್ಥ ಮಾಡಿಕೊಂಡಿದ್ದಳು. ಡಬ್ಬಿ ತೆಗೆದು ಮೂಸಿದರೆ ಮುಖ ಸಿಂಡರಿಸಬೇಕು, ಸಾರಿಗೆ ಹಾಕದಿದ್ದರೆ ಸಾರು ಇಳಿಯುವುದಿಲ್ಲ.

ಎಲ್ಲ ಕೆಟ್ಟದ್ದು ಈಚಿನ ಎರಡು ವರ್ಷಗಳಲ್ಲಿ. ತಿಂಗಳಿಗೊಂದು ಶನಿವಾರ ಬೆಳಗಿನ ರೈಲಿಗೆ ಗಿಟಾರನ್ನೂ ಅದರ ದನಿ ಹೆಚ್ಚಿಸುವ ಆಂಪ್ಲಿಫೈಯರನ್ನೂ ಹೊತ್ತು ತಿರುವನಂತಪುರಕ್ಕೆ ಹೊರಡತೊಡಗಿದ. ಯಾಕೆ ಎಂದರೆ, ಸೌಂಡ್ ಸರಿ ಮಾಡಿಸಿಕೊಂಡು ಬರುವುದಕ್ಕೆ. ಕೊಚ್ಚಿಯಲ್ಲಿ ಸಿಗದ ಸೌಂಡ್ ಅಲ್ಲೇನು ಸಿಗುತ್ತದೆ ಎಂದು ಅವಳಿಗೆ ತಿಳಿಯಲಿಲ್ಲ. ಫೋನಿನಲ್ಲಿ ಮಾತಾಡುವುದನ್ನು ಬಿಟ್ಟ. ಯಾವಾಗ ನೋಡಿದರೂ ಅದರಲ್ಲಿ ಬರೆಯುವುದು, ಓದುವುದು, ತನ್ನಷ್ಟಕ್ಕೆ ನಗುವುದು. ಕೋಳಿಕ್ಕೋಡಿನಲ್ಲಿ ಓದುತ್ತಿದ್ದ ಮಗಳು ಶ್ರದ್ಧಾ ಫೋನ್ ಮಾಡಿದರೆ, ತಗೋ, ಅಮ್ಮನ ಹತ್ತಿರ ಮಾತಾಡು ಎಂದು ದಾಟಿಸಿಬಿಡುತ್ತಿದ್ದ. ಮಗಳನ್ನು ಎದುರಿಸುವ ಮುಖವಿಲ್ಲ ಎಂದು ಸುಮಿತ್ರ ತೀರ್ಮಾನಿಸಿದಳು. ಆಮೇಲೆ ಒಂದು ದಿನ ಧೂಳು ಹೊಡೆಯುವಾಗ ಆಂಪ್ಲಿಫೈಯರಿನ ನಾಬ್‌ಗಳ ಸುತ್ತ ಸಣ್ಣ ಸಣ್ಣ ಕೆಂಪು ಚುಕ್ಕೆಗಳು ಕಂಡವು. ಉಗುರಿನಿಂದ ಕೆರೆದು ನೋಡಿದಳು. ನೇಲ್ ಪಾಲಿಶ್. ಅವಳು ಜನ್ಮದಲ್ಲಿ ನೇಲ್ ಪಾಲಿಶ್ ಹಚ್ಚಿದವಳಲ್ಲ.

ಕೇಳಿದ್ದು ಕಳೆದ ಓಣಂ ಮುಗಿದ ಮೇಲೆ, ಒಂದು ಭಾನುವಾರ. ಅವನು ಮೇಜಿನ ಬಳಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ. ಅವಳು ಸಿಂಕಿನ ಕಡೆ ತಿರುಗಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ಮುಖ ನೋಡಿಕೊಂಡು ಕೇಳುವ ಮಾತಲ್ಲ ಅದು.

"ತಿರುವನಂತಪುರದಲ್ಲಿ ನಿಮಗೆ ಯಾರೋ ಇದ್ದಾರೆ, ಅಲ್ವಾ?"

"ಹೂಂ."

ನಲ್ಲಿ ಹರಿಯುತ್ತಲೇ ಇತ್ತು. "ಹೆಂಗಸಾ?"

"ಹೂಂ."

ತಿರುಗಿ ನೋಡಿದಳು. ಅವನು ನಗುಮುಖದಿಂದ ಹುರುಳಿಕಾಯಿ ಮುರಿಯುತ್ತಿದ್ದ. ಇಷ್ಟು ಸಲೀಸಾಗಿ ಒಪ್ಪಿಕೊಂಡವನ ಜೊತೆ ಜಗಳವಾಡುವುದು ಹೇಗೆಂದು ಅವಳಿಗೆ ಹೊಳೆಯಲಿಲ್ಲ. ಆ ದಿನದಿಂದ ಮಗಳ ಕೋಣೆಯಲ್ಲಿ ಮಲಗತೊಡಗಿದಳು. ಸೊಂಟ ಹಿಡಿದು ತೋರಿಸಿ ನೋವು ಎಂದಳು. ಅವನು ನೋವಿನ ಎಣ್ಣೆಯ ಸೀಸೆ ತಂದು ದಿಂಬಿನ ಬಳಿ ಇಟ್ಟುಹೋದ. ಅವಳು ಅದರ ಮುಚ್ಚಳವನ್ನೂ ತೆಗೆಯಲಿಲ್ಲ. ಮಗಳ ಓದು ಮುಗಿಯುವ ತನಕ ಎಂದು ಬಾಯಿ ಹೊಲಿದುಕೊಂಡು, ಅನ್ನ ಬಡಿಸಿ, ಬಟ್ಟೆ ಮಡಚಿಟ್ಟು ದಿನ ನೂಕಿದಳು.

*

ರಾಜೀವ್ ಹೂವಿಲ್ಲದೆ ವಾಪಸು ಬಂದ. ಅವನ ಹಿಂದೆ ತಲೆಗೆ ದುಪಟ್ಟಾ ಸುತ್ತಿಕೊಂಡ ಹೆಂಗಸೊಬ್ಬಳು ಬಂದಳು. ಮೂವತ್ತೈದು ದಾಟಿರಬಹುದು. ಪೆಟ್ಟಿಗೆಯ ಬಳಿ ನಿಂತು ಗಾಜಿನ ಮೇಲೆ ಕೈಯಿಟ್ಟಳು. ಆಮೇಲೆ ಸುಮಿತ್ರಳ ಎದುರು ಬಂದು ಕೂತು, "ಆಂಟೀ," ಎಂದಳು.

ಅದೇ ದನಿ.

ಸುಮಿತ್ರ ಮೊದಲು ನೋಡಿದ್ದು ಅವಳ ಉಗುರುಗಳನ್ನು. ಮೊಂಡಾಗಿ ಕತ್ತರಿಸಿದ ಬರಿಯ ಉಗುರುಗಳು. ಬರುವ ಮುಂಚೆ ಒರೆಸಿಕೊಂಡಿದ್ದಾಳೆ ಎಂದುಕೊಂಡಳು. ಅಳುತ್ತ ಕೂತಿದ್ದ ಮಗಳು ನೋಡುತ್ತಿರುವಂತೆಯೇ ಎದ್ದು, ಬಂದವಳ ಮುಂಗೈ ಹಿಡಿದು ಅಡುಗೆಮನೆಯ ಹಿಂದಕ್ಕೆ, ಗ್ರೈಂಡರ್ ಮತ್ತು ಗ್ಯಾಸ್ ಸಿಲಿಂಡರ್ ಇಟ್ಟಿದ್ದ ಜಾಗಕ್ಕೆ ಎಳೆದುಕೊಂಡು ಹೋದಳು. ನೆಂಟರು ಇದನ್ನೂ ದುಃಖವೆಂದೇ ತಿಳಿದರು.

"ಯಾರು ನೀನು?"

ಫಾತಿಮಾ ಅಂತ, ಎಂದಳು ಅವಳು. ಊರು ಕಾಸರಗೋಡು, ಶಾಲೆಯಲ್ಲಿ ಕನ್ನಡ ಓದಿದವಳು. ಮೊದಲು ಕೊಚ್ಚಿಯಲ್ಲಿ ಬ್ಯಾಂಡಿನ ಸೌಂಡ್ ಹದ ಮಾಡುವ ಮಿಕ್ಸರ್ ನೋಡಿಕೊಳ್ಳುತ್ತಿದ್ದಳು, ಈಗ ಶ್ರೀಕಾರ್ಯಂನ ಕಾಲೇಜಿನಲ್ಲಿ ಅದನ್ನೇ ಪಾಠ ಹೇಳುತ್ತಾಳೆ. ಮದುವೆಯಾಗಿದೆಯಾ ಎಂದು ಸುಮಿತ್ರ ಕೇಳಿದಳು. ಆಗಿದೆ, ಮಗಳೂ ಇದ್ದಾಳೆ ಎಂದಳು. ಇದಂತೂ ಇನ್ನೂ ಚೆನ್ನಾಯಿತು ಎಂದುಕೊಂಡಳು ಸುಮಿತ್ರ.

"ನನ್ನ ಹತ್ರ ಏನೂ ಮುಚ್ಚಿಡ್ಬೇಡ. ನಂಗೆಲ್ಲ ಗೊತ್ತು. ಅವ್ರೇ ಒಪ್ಕೊಂಡಿದ್ರು."

ಫಾತಿಮಾಳ ಮುಖದ ಬಿಗಿ ಸಡಿಲಿತು. "ಹೇಳಿದ್ರಾ? ಹೇಳಿ, ಹೇಳಿ ಅಂತ ನಾನು ಎಷ್ಟು ಸಲ ಬರ್ದಿದ್ದೆ ಅವರಿಗೆ. ನನ್ನ ಮೇಲೆ ನಿಮಗೆ ಸಿಟ್ಟು ಬಂದದ್ದು ತಪ್ಪಲ್ಲ ಆಂಟೀ. ಆದ್ರೆ ಗೊತ್ತಿದ್ದೂ ನೀವು ಸುಮ್ಮನೆ ಕೂತದ್ದು ಯಾಕೆ? ಕಿವಿಗೆ ಮಿಶನ್ ಹಾಕ್ಕೊಳ್ಳಿ ಅಂತ ನೀವಾದ್ರೂ ಗದರಿಸ್ಬೇಕಿತ್ತು."

"ಯಾರ ಕಿವಿಗೆ?"

ಹಾಲಿನಲ್ಲಿ ಯಾರೋ ಕಟ್ಟನ್ ಚಾಯ ಎಂಬ ಕರಿ ಚಹಾ ಹಂಚುತ್ತಿದ್ದ ಲೋಟಗಳ ಸದ್ದು ಕೇಳುತ್ತಿತ್ತು. ಏನೋ ಆಗಬಾರದ್ದು ಆಗಿಹೋಗಿದೆ ಎಂದು ಇಬ್ಬರಿಗೂ ಒಟ್ಟಿಗೇ ಅನ್ನಿಸಿತು.

ಆಮೇಲೆ ಅವಳು ಒಂದೊಂದಾಗಿ ಹೇಳಿದಳು. ವರ್ಷಗಟ್ಟಲೆ ಡ್ರಮ್ಮಿನ ಪಕ್ಕದಲ್ಲಿ ನಿಂತು ಸುಧನ್ವನ ಕಿವಿ ಹೋಗುತ್ತ ಬಂದಿತ್ತು. ಮೊದಲು ಹೋದದ್ದು ತೆಳು ಸ್ವರಗಳು. ದಪ್ಪ ಸ್ವರಗಳು ಉಳಿದಿದ್ದವು. ತಂತಿಯ ಮೊನಚು ತನಗೆ ಕೇಳಿಸದೆ ಅವನು ನಾಬ್ ತಿರುಗಿಸುತ್ತಲೇ ಹೋಗುತ್ತಿದ್ದ, ಕೇಳುವವರಿಗೆ ತಟ್ಟೆ ಉಜ್ಜಿದಂತೆ ಕರ್ಕಶವಾಗುತ್ತಿತ್ತು. ಹೋಟೆಲಿನವರು ದೂರಿದರು. ರಾಜೀವ್ ಸಂಕೋಚದಿಂದ ಫಾತಿಮಾಳಿಗೆ ಹೇಳಿದ. ಅವಳು ಕಾಲೇಜಿನ ಹಾಲಿನಲ್ಲಿ ಹುಡುಗರ ಬ್ಯಾಂಡ್ ಕೂರಿಸಿ, ತಾನು ಹಿಂದಿನ ಸಾಲಿನಲ್ಲಿ ನಿಂತು, ಕೈ ಎತ್ತಿದರೆ ಹೆಚ್ಚು, ಇಳಿಸಿದರೆ ಕಮ್ಮಿ ಎಂದು ತೋರಿಸುತ್ತಿದ್ದಳು. ಸರಿಯಾದ ಜಾಗ ಸಿಕ್ಕ ಕೂಡಲೇ ತನ್ನ ಮಗಳ ನೇಲ್ ಪಾಲಿಶಿನಿಂದ ಗುರುತು ಹಾಕುತ್ತಿದ್ದಳು. ಸ್ವರದ ಏರಿಳಿತವನ್ನು ಕಂಪ್ಯೂಟರಿನಲ್ಲಿ ಗೆರೆ ಮಾಡಿ ತೋರಿಸಿದರೆ ಅವನು ಕೇಳಲಾಗದ್ದನ್ನು ನೋಡಿ ಕಲಿಯುತ್ತಿದ್ದ. ಒಂದೇ ಸಲಕ್ಕೆ ಮುಗಿಯುವ ಕೆಲಸವೂ ಅಲ್ಲ, ಕಿವಿ ಇನ್ನಷ್ಟು ಹೋದಂತೆ ಗುರುತುಗಳನ್ನೂ ಬದಲಿಸಬೇಕಾಗುತ್ತಿತ್ತು. ಇಷ್ಟೆಲ್ಲ ಆಗಿ ಬ್ಯಾಂಡಿನ ನಡುವೆ ಅವನ ಸೌಂಡ್ ಮೊದಲಿಗಿಂತ ಚೆನ್ನಾಗಿ ಕೂತಿತ್ತಂತೆ.

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ಬ್ಯಾಂಡ್ ಬಿಡಿಸ್ತೀರಿ ಅಂತ ಹೆದರಿಕೆ ಅವರಿಗೆ. ಡಾಕ್ಟ್ರು ಬಿಡಿ ಅಂದಿದ್ರು."

ಬಿಡಿಸುತ್ತಿದ್ದಳು. ಅದರಲ್ಲಿ ಅನುಮಾನವಿರಲಿಲ್ಲ. ಆದರೂ ಸುಮಿತ್ರ ಅಷ್ಟು ಸುಲಭಕ್ಕೆ ಸೋಲುವವಳಲ್ಲ. ತನ್ನ ಜೊತೆ ಅವನು ಸರಿಯಾಗಿಯೇ ಮಾತಾಡುತ್ತಿದ್ದ, ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಡುತ್ತಿದ್ದ ಎಂದು ವಾದಿಸಿದಳು. ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು ಎಂದಳು ಫಾತಿಮಾ. ಸುಮಿತ್ರಳಿಗೆ ಗಂಡ ಎರಡು ವರ್ಷದಿಂದ ತನ್ನ ಮುಖವನ್ನೇ ದಿಟ್ಟಿಸುತ್ತಿದ್ದದ್ದು ನೆನಪಾಯಿತು. ತಪ್ಪು ಮಾಡಿದವನ ನೋಟ ಎಂದು ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು.

"ತಿರುಗಿ ನಿಂತು ಮಾತಾಡಿದ್ರೆ?" ಎಂದಳು. ಅವಳ ದನಿ ತೀರ ಸಣ್ಣಗಾಗಿತ್ತು.

"ನಾನೂ ಅದನ್ನೇ ಕೇಳಿದ್ದೆ ಆಂಟೀ. ಮನೆಯಲ್ಲಿ ಹೇಗೆ ಸುಧಾರಿಸ್ತೀರಿ ಅಂತ. ಹೆಂಗಸರ ದನಿಯೇ ಅಲ್ವಾ ಮೊದ್ಲು ಹೋಗುದು. ಅದಕ್ಕೆ ಅವರು ನಗಾಡಿದ್ರು. ಬೆನ್ನು ಹಾಕಿ ಮಾತಾಡಿದ್ರೆ ಹೂಂ ಅಂತೇನೆ, ಹೂಂ ಅಂದ್ರೆ ಯಾರಿಗೂ ಬೇಜಾರಾಗೋದಿಲ್ಲ ಅಂದ್ರು."

ಸುಮಿತ್ರ ಸಿಲಿಂಡರಿನ ಮೇಲೆ ಕೈಯೂರಿ ನಿಂತಳು. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಗಂಡ ಒಳ್ಳೆಯವನೆಂದು ಗೊತ್ತಾದದ್ದಕ್ಕಿಂತ, ಅವನಿಗೆ ಏನೂ ಗೊತ್ತೇ ಇರಲಿಲ್ಲವಲ್ಲ ಎಂಬುದು ಅವಳನ್ನು ಕೊಂದಿತು. ಹೆಂಡತಿ ಯಾಕೆ ಮಾತು ಕಮ್ಮಿ ಮಾಡಿದಳು, ಒಂದು ಸೊಂಟನೋವಿಗೆ ಯಾಕೆ ಇಷ್ಟು ದಿನ ಬೇರೆ ಮಲಗಿದಳು ಎಂದು ತಿಳಿಯದೆ, ಕೇಳಿದರೆ ಕಿವಿಯ ಗುಟ್ಟು ಬಯಲಾದೀತೆಂದು ಕೇಳಲೂ ಆಗದೆ ಆ ಮನುಷ್ಯ ಒಂದು ವರ್ಷ ಈ ಮನೆಯಲ್ಲಿ ಓಡಾಡಿದ್ದ. ಅವಳಿಗೆ ಅವನ ಮೇಲೆ ಹೇಳಲಾರದಷ್ಟು ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು.

"ಅವರು ಏನು ಹೇಳಿದ್ದು ನಿಮ್ಮತ್ರ? ಏನು ಒಪ್ಕೊಂಡದ್ದು?" ಎಂದು ಫಾತಿಮಾ ಕೇಳಿದಳು.

ಹೊರಗಿನಿಂದ ದಾಮೋದರ ಸುಮಿತ್ರಳ ಹೆಸರು ಹಿಡಿದು ಕರೆಯುತ್ತಿದ್ದ. "ಬಾ, ನೀನೂ ಬಂದು ನಿಲ್ಲು," ಎಂದು ಹೇಳಿ ಫಾತಿಮಾಳ ಕೈಯನ್ನು ಈ ಸಲ ಮೆತ್ತಗೆ ಹಿಡಿದುಕೊಂಡಳು.

ಸುಧನ್ವನನ್ನು ಪೆಟ್ಟಿಗೆಯಿಂದ ತೆಗೆದು ನೆಲದ ಮೇಲೆ ಮಲಗಿಸಿದ್ದರು. ಸ್ನಾನ ಮಾಡಿಸಿ ಹಣೆಗೆ ವಿಭೂತಿ ಹಚ್ಚಿದ್ದರು. ಮೂಗಿಗೂ ಕಿವಿಗಳಿಗೂ ಹತ್ತಿ ಇಟ್ಟಿದ್ದರು. ಕ್ರಿಯೆ ಮಾಡಬೇಕಾಗಿದ್ದ ಶ್ರದ್ಧಾ ಒದ್ದೆ ಬಟ್ಟೆಯಲ್ಲಿ ನಡುಗುತ್ತ ನಿಂತಿದ್ದಳು. ಸ್ಮಶಾನದಲ್ಲಿ ಹೊತ್ತು ಗೊತ್ತಾಗಿದೆ, ಬಾಯಿಗೆ ಅಕ್ಕಿ ಹಾಕಿ ಸುತ್ತು ಬಾ ಎಂದು ದಾಮೋದರ ತಂಗಿಯ ಕೈಗೆ ಅಕ್ಕಿ ಕೊಟ್ಟ.

ಸುಮಿತ್ರ ಅಕ್ಕಿಯನ್ನು ಮಗಳ ಕೈಗೆ ಸುರಿದು ಗಂಡನ ತಲೆಯ ಪಕ್ಕ ಕುಳಿತಳು. ಬಲಗಿವಿಯ ಹತ್ತಿಯನ್ನು ಎರಡು ಬೆರಳಿನಿಂದ ಹಿಡಿದು ಎಳೆದಳು.

"ಸುಮೀ, ಅದನ್ನ ತೆಗೀಬಾರ್ದು," ಎಂದ ದಾಮೋದರ.

ಅವಳು ಎರಡೂ ಕೈಯನ್ನು ಬೊಗಸೆ ಮಾಡಿ ಆ ಕಿವಿಗೆ ಹಿಡಿದಳು. ಬಗ್ಗಿ ಬಾಯನ್ನು ಅದಕ್ಕೆ ಹಚ್ಚಿ, ಗೇಟಿನ ಹೊರಗೆ ನಿಂತಿದ್ದ ಆಂಬುಲೆನ್ಸಿನ ಡ್ರೈವರ್ ಕೂಡ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೂಗಿದಳು.

"ರೀ, ಅವತ್ತು ನಾನು ಕೇಳಿದ್ದು ನಿಮಗೆ ಕೇಳಿಸ್ಲೇ ಇಲ್ವಾ?"

ಶ್ರದ್ಧಾ ಹತ್ತಿರ ಬಂದು ಅಮ್ಮನ ಭುಜ ಹಿಡಿದು, "ಮದಿ ಅಮ್ಮಾ, ಸಾಕು," ಎಂದು ಎರಡೂ ಭಾಷೆಯಲ್ಲಿ ಹೇಳಿದಳು. ಸುಮಿತ್ರ ಅವಳ ಕೈಯನ್ನು ಮೆಲ್ಲಗೆ ಸರಿಸಿ ಎದ್ದಳು. ದೇಹವನ್ನು ಬಳಸಿಕೊಂಡು ಆ ಕಡೆಗೆ ಹೋಗಿ ಕುಳಿತು, ಇನ್ನೊಂದು ಕಿವಿಯ ಹತ್ತಿಗೆ ಕೈಹಾಕಿದಳು.