ಎಲ್ಲ ಸೀರೆಗೂ ಹೊಂದಿದ ಜಂಪರ್

ನಾನು ಒಂದು ಜಂಪರ್. ನಮ್ಮ ವಿಜಯಪುರದ ಕಡೆ ಬ್ಲೌಸಿಗೆ ಹಾಗೆ ಅನ್ನುತ್ತಾರೆ. ಹುಣಸೆಹಣ್ಣಿನ ಬಣ್ಣ, ಬರೀ ಹತ್ತಿ, ಮೈಮೇಲೆ ಒಂದು ಹೂವಿಲ್ಲ, ಒಂದು ಬುಟ್ಟಾ ಇಲ್ಲ. ಈ ಬಣ್ಣದಲ್ಲಿ ಹುಟ್ಟಿದ್ದೇ ನನ್ನ ತಪ್ಪು. ಯಾವ ಸೀರೆಯ ಪಕ್ಕ ಇಟ್ಟರೂ ಒಪ್ಪುತ್ತೇನೆ. ಎಲ್ಲರೊಡನೆ ಹೊಂದಿಕೊಂಡು ಹೋಗುವವರ ಪಾಡು ಏನೆಂದು ನಿಮಗೂ ಗೊತ್ತಿರಬೇಕು. ಮನೆಯ ಕೆಲಸವೆಲ್ಲ ಅವರ ತಲೆಗೇ ಬರುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ನನಗೆ ದಣಿವಾಗಿದೆ. ಮಾತು ಒಂದಿಷ್ಟು ಗೊಣಗಿದಂತೆ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹುಟ್ಟಿದ್ದು ಯಾವುದೋ ಗಿರಣಿಯಲ್ಲಿ. ಅಲ್ಲಿಯ ಗದ್ದಲ ಬಿಟ್ಟರೆ ಬೇರೇನೂ ನೆನಪಿಲ್ಲ. ಬುದ್ಧಿ ಬಂದದ್ದು ಜಮಖಂಡಿಯ ಒಂದು ಬಟ್ಟೆ ಅಂಗಡಿಯಲ್ಲಿ. ಅಂಗಡಿಯವನು ಥಾನು ಬಿಚ್ಚಿ, ಎಂಬತ್ತು ಸೆಂಟಿಮೀಟರ್ ಅಳೆದು, ಕತ್ತರಿಯಿಂದ ಒಂದು ಗೀರು ಹಾಕಿ ಚರ್ರೆಂದು ಹರಿದ. ಮಡಚಿ, ಮೇಲೊಂದು ಕಾಗದದ ಚೀಟಿ ಅಂಟಿಸಿದ. ಅಷ್ಟಕ್ಕೆ ನಾನು ಜಂಪರ್ ಪೀಸು ಆದೆ. ಯಾರದೋ ಮದುವೆಗೆಂದು ನಮ್ಮನ್ನು ಡಜನ್‌ಗಟ್ಟಲೆ ಕೊಂಡು ಒಯ್ದರು.

ಮದುವೆಯಲ್ಲಿ ನಮ್ಮ ಕೆಲಸ ಉಡಿ ತುಂಬುವುದು. ಮುತ್ತೈದೆ ಮನೆಯಿಂದ ಹೊರಡುವಾಗ ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನದ ಕೊಂಬು ಹಾಕಿ, ಜೊತೆಗೆ ನನ್ನಂಥದ್ದೊಂದು ಪೀಸು ಇಡುತ್ತಾರೆ. ಇದನ್ನು ಪಡೆದವರು ಹೊಲಿಸಿಕೊಳ್ಳುತ್ತಾರೆ ಎಂದು ನೀವು ಅಂದುಕೊಂಡಿದ್ದರೆ ನಿಮ್ಮಂಥ ಮುಗ್ಧರು ಇನ್ನೊಬ್ಬರಿಲ್ಲ. ಮನೆಗೆ ಒಯ್ದು, ಬೆಳಕಿಗೆ ಹಿಡಿದು, "ಬರೇ ಕಾಟನ್ ಐತಿ, ಒಂಚೂರೂ ಮಿಂಚಂಗಿಲ್ಲ" ಎಂದು ಕಪಾಟಿನಲ್ಲಿ ಎಸೆಯುತ್ತಾರೆ. ಮುಂದಿನ ಸಲ ಯಾರಾದರೂ ಬಂದಾಗ ಅವರ ಉಡಿಗೆ ದಾಟಿಸುತ್ತಾರೆ. ಹೀಗೆ ನಾಲ್ಕು ವರ್ಷದಲ್ಲಿ ಆರು ಮನೆ ತಿರುಗಿದೆ. ಮೂರನೆಯ ವರ್ಷ ಮೊದಲು ಬಿಟ್ಟ ಮನೆಗೇ ವಾಪಸು ಬಂದೆ. ಆ ಮನೆಯಾಕೆ ನನ್ನನ್ನು ಗುರುತೇ ಹಿಡಿಯಲಿಲ್ಲ. ಒಂದು ಮೂಲೆಗೆ ಅರಿಸಿನ ಹತ್ತಿತು, ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿತು. ಸೂಜಿ ಕಾಣದೆಯೇ ಮುದುಕಿಯಾಗುತ್ತೇನೇನೋ ಅನ್ನಿಸಿತ್ತು.

ಆರನೆಯ ಮನೆ ಸಿದ್ದವ್ವನದು, ಜಮಖಂಡಿ ಹತ್ತಿರದ ಹಳ್ಳಿಯಲ್ಲಿ. ಅವಳ ಕಪಾಟು ಪಕ್ಕದ ಮನೆಯ ಗೋಡೆಗೆ ಹತ್ತಿಕೊಂಡಿತ್ತು. ಆ ಮನೆಯ ಸೊಸೆ ಮಹಾನಂದಾ. ಬಿಎಸ್ಸಿ, ಬಿ.ಎಡ್. ಮಾಡಿದವಳು. ಏಳು ವರ್ಷದಿಂದ ಆ ಮನೆಯಲ್ಲಿ ಅವಳ ಮಾತನ್ನು ಯಾರೂ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಕಡೆಯ ಎರಡು ವರ್ಷ ಗಂಡ ಕೈಯೂ ಎತ್ತುತ್ತಿದ್ದ. ಗೋಡೆಯಾಚೆಯ ಸದ್ದು ಕೇಳಿ ನಾವು ಬಟ್ಟೆಗಳು ಮಡಿಕೆಯೊಳಗೇ ಬಿಗಿಯಾಗುತ್ತಿದ್ದೆವು. ಸಿದ್ದವ್ವ ಮಾತ್ರ ರೇಡಿಯೋದ ಸದ್ದು ಏರಿಸುತ್ತಿದ್ದಳು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಮಹಾನಂದಾ ಒಂದು ಚೀಲ ಹಿಡಿದು ಹೊರಬಿದ್ದಳು. ಮನೆಯಲ್ಲಿ ಎಲ್ಲರೂ ಉಂಡು ಮಲಗಿದ್ದರು. ಸಿದ್ದವ್ವ ಬಾಗಿಲಲ್ಲೇ ಕುಳಿತಿದ್ದಳು. "ತವರಮನಿಗೆ ಹೊಂಟೀಯೇನವಾ? ಬರೀ ಉಡೀಲೆ ಹೋಗಬಾರದ, ಬಾ ಒಳಗ" ಎಂದು ಕೈ ಹಿಡಿದು ಎಳೆದಳು. ಬೇಡವೆಂದರೆ ಅನುಮಾನ ಬರುತ್ತದೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಮಹಾನಂದಾ ಸೆರಗೊಡ್ಡಿ ನಿಂತಳು. ಸಿದ್ದವ್ವ ಕುಂಕುಮ ಹಚ್ಚಿ, ಕೈಗೆ ಸಿಕ್ಕ ನನ್ನನ್ನು ಉಡಿಯಲ್ಲಿಟ್ಟು, "ಲಗೂ ಬಾ ಮತ್ತ" ಅಂದಳು. ತವರಿಗೆ ಹೋಗುವವಳಿಗೆ ಹೇಳುವ ಮಾತನ್ನು ಮತ್ತೆಂದೂ ಬಾರದವಳಿಗೆ ಹೇಳಿದ್ದಳು, ಪಾಪ. ಮಹಾನಂದಾ ಹೂಂ ಅಂದಳು. ಬಸ್ಸು ಊರು ದಾಟುವವರೆಗೂ ಅವಳು ನನ್ನನ್ನು ಹಿಂಡಿ ಹಿಡಿದಿದ್ದಳು.

ವಿಜಯಪುರದಲ್ಲಿ ಬೇಸಿಗೆ ಬಂತೆಂದರೆ ಕೋಚಿಂಗ್ ಕ್ಲಾಸುಗಳ ಸುಗ್ಗಿ. ನಾಲ್ಕನೆಯ, ಐದನೆಯ ಇಯತ್ತೆಯ ಮಕ್ಕಳನ್ನು ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ಅಂಥದೊಂದು ಶಾಲೆಯಲ್ಲಿ ಎರಡು ತಿಂಗಳ ಮಟ್ಟಿಗೆ ಗಣಿತ ಕಲಿಸುವ ಕೆಲಸ ಸಿಕ್ಕಿತು. ಪಾಠ ಹಿಡಿಸಿದರೆ ಜೂನ್‌ನಿಂದ ಖಾಯಂ. "ಯಜಮಾನರು ಎಲ್ಲಿರ್ತಾರ್ರಿ?" ಎಂದು ಮುಖ್ಯಸ್ಥರು ಕೇಳಿದಾಗ ಮಹಾನಂದಾ ಕಣ್ಣು ಮಿಟುಕಿಸದೆ, "ಹೊಸಪೇಟಿ ಕಡೆ ನೌಕರಿರಿ, ಟ್ರಾನ್ಸ್‌ಫರ್ ಆಗೂತನ ನಾನು ಇಲ್ಲೇ" ಅಂದಳು. ಮನೆ ಬಿಟ್ಟು ಬಂದವಳೆಂದು ತಿಳಿದರೆ ಆ ಹೊತ್ತೇ ಊರಿಗೆ ಫೋನ್ ಹೋಗುತ್ತದೆ, ಗಂಡ ಬಂದು ಎಳೆದೊಯ್ಯುತ್ತಾನೆ. ಅವಳ ಭಯ ಅದೊಂದೇ. ಮತ್ತೆ ಆ ಗೋಡೆಯಾಚೆಗೆ ಹೋಗುವುದೆಂದರೆ ಅವಳು ಉಳಿಯುವುದಿಲ್ಲವೆಂದು ನನಗೂ ಅನ್ನಿಸಿತ್ತು.

ಸುಳ್ಳು ಹೇಳುವುದು ಸುಲಭ, ಅದನ್ನು ದಿನಾ ಉಟ್ಟು ತೋರಿಸುವುದು ಕಷ್ಟ. ಗಂಡ ನೌಕರಿಯಲ್ಲಿರುವ ಹೆಂಗಸಿನ ಬಳಿ ಮೂರೇ ಸೀರೆ ಇರುತ್ತವೆಯೇ? ಉಟ್ಟು ಬಂದದ್ದೂ ಸೇರಿ ಅವಳ ಬಳಿ ಇದ್ದದ್ದು ಅಷ್ಟೇ. ಬಿಳಿ ನೆಲದ ನೀಲಿ ಚೌಕಳಿಯದೊಂದು, ಹಸಿರು ಇಳಕಲ್ ಒಂದು, ತಿಳಿಹಳದಿ ವಾಯಿಲ್ ಒಂದು. ಮೈಮೇಲೆ ಒಂದು ಬಿಳಿ ಜಂಪರ್. ಜೊತೆಗೆ ನಾನು, ಹೊಲಿಯದ ಬಟ್ಟೆ. ಅವಳು ಓಣಿಯ ತುದಿಯಲ್ಲಿ ಹೊಲಿಗೆ ಮಾಡುವ ಖುರ್ಶಿದಾ ಹತ್ತಿರ ನನ್ನನ್ನು ಒಯ್ದಳು. ನಾಲ್ಕು ವರ್ಷ ಕಾದವಳಿಗೆ ಕೊನೆಗೂ ಕತ್ತರಿ ತಾಗಿತು. ತೋಳು, ಬೆನ್ನು, ಹುಕ್ಕು ಬಂದವು. ಆ ದಿನ ಹಿಗ್ಗಿದೆ. ಹಿಗ್ಗಬಾರದಿತ್ತು.

ಯಾಕೆಂದರೆ ಮಹಾನಂದಾ ಗಣಿತದವಳು. ಕ್ಯಾಲೆಂಡರಿನ ಹಿಂದೆ ಗೆರೆ ಎಳೆದಳು. ಮೂರು ಸೀರೆ, ಎರಡು ಜಂಪರ್, ಒಟ್ಟು ಆರು ತರಹ. ವಾರಕ್ಕೆ ಶಾಲೆ ಆರು ದಿನ. ಮೊದಲ ವಾರ ಹೀಗೆ ಕಳೆಯಿತು. ಎರಡನೆಯ ವಾರ ಇಳಕಲ್‌ನ ಸೆರಗನ್ನು ಬಲಭುಜದ ಮೇಲಿಂದ ಮುಂದಕ್ಕೆ ತಂದಳು, ಚೌಕಳಿಯದನ್ನು ಸಣ್ಣ ನಿರಿಗೆ ಹಿಡಿದು ಪಿನ್ ಹಾಕಿದಳು. ಹಳದಿ ಸೀರೆಯನ್ನು ಒಂದು ದಿನ ಗಂಜಿ ಹಾಕಿ ಗರಿಗರಿ ಉಟ್ಟರೆ ಇನ್ನೊಂದು ದಿನ ಹಾಗೇ ಮೆತ್ತಗೆ ಬಿಟ್ಟಳು. ಮೂರನೆಯ ವಾರಕ್ಕೆ ನನ್ನ ತೋಳಿನ ಮೇಲೆ ಕಣ್ಣು ಬಿತ್ತು. ಹಳೆಯ ಓಢಣಿಯೊಂದರ ಅಂಚನ್ನು ಕೊಯ್ದು ಪಟ್ಟಿ ಮಾಡಿ, ಸೋಮವಾರ ತೋಳಿಗೆ ಹಚ್ಚುವುದು, ಬುಧವಾರ ಬಿಚ್ಚುವುದು, ಗುರುವಾರ ಹಸಿರು ಪಟ್ಟಿ ಹಚ್ಚುವುದು, ಶನಿವಾರ ಅದನ್ನೂ ಬಿಚ್ಚುವುದು. ವಾರಕ್ಕೆ ನಾಲ್ಕು ಸಲ ನನಗೆ ಸೂಜಿ. ಬಿಳಿಯ ಜಂಪರ್‌ಗೆ ಈ ಕಾಟವಿರಲಿಲ್ಲ. ಬೆವರಿನ ಕಲೆ ಕಾಣುತ್ತದೆಂದು ಅದಕ್ಕೆ ರಜೆ ಜಾಸ್ತಿ ಬೇರೆ! ನಾನೋ ಸಂಜೆ ತೊಳೆಸಿಕೊಂಡು, ವಿಜಯಪುರದ ಆ ಕಾದ ಗಾಳಿಗೆ ಅರ್ಧ ತಾಸಿನಲ್ಲಿ ಒಣಗಿ, ಬೆಳಗ್ಗೆ ಮತ್ತೆ ಹಾಜರ್. ಏಪ್ರಿಲ್ ಬಿಸಿಲು ತಗಡಿನ ಮಾಡಿನ ಕೆಳಗೆ ಹೇಗಿರುತ್ತದೆ ಎಂದು ಅವಳ ಬೆನ್ನಿಗಂಟಿದ ನನ್ನನ್ನು ಕೇಳಬೇಕು.

ಶಾಲೆಯಲ್ಲಿ ಹೊಲಿಗೆ, ಚಿತ್ರಕಲೆ ಕಲಿಸುವ ನೀಲಗಂಗಾ ಟೀಚರ್ ಅಂತ ಒಬ್ಬರಿದ್ದರು. ಐವತ್ತು ದಾಟಿದವರು, ಮಾತು ಚುರುಕು. ದಿನಾ ಸ್ಟಾಫ್‌ರೂಮಿನ ಬಾಗಿಲಲ್ಲೇ ಕನ್ನಡಕ ಕೆಳಗಿಳಿಸಿ ಮಹಾನಂದಾಳನ್ನು ತಲೆಯಿಂದ ಕಾಲಿನತನಕ ನೋಡಿ, "ಇವತ್ತೇನು ಹೊಸಾದು?" ಅನ್ನುತ್ತಿದ್ದರು. ಉಳಿದವರು ನಗುತ್ತಿದ್ದರು. ಟೀಚರಿಗೆ ಬಾಯಾರು ಅನ್ನುವ ಆಯಾ ಬೋರಮ್ಮನಂತೂ "ನಮ್ಮ ಲೆಕ್ಕದ ಬಾಯಾರು ದಿನಕ್ಕೊಂದು ತರಾ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಮಹಾನಂದಾಳೂ ನಗುತ್ತ ಸೀಮೆಸುಣ್ಣ ಎತ್ತಿಕೊಳ್ಳುತ್ತಿದ್ದಳು. ನೀಲಗಂಗಾ ಟೀಚರ ಕಣ್ಣು ನನ್ನ ತೋಳಿನ ಮೇಲೆ ನಿಂತಾಗ ಮಾತ್ರ ಅವಳ ಎದೆ ಹೊಡೆದುಕೊಳ್ಳುವುದು ನನಗೆ ಗೊತ್ತಾಗುತ್ತಿತ್ತು. ನನಗೂ ಆ ಹೆಂಗಸಿನ ಮೇಲೆ ಸಿಟ್ಟು ಬರುತ್ತಿತ್ತು.

ಮೇ ತಿಂಗಳ ಮೂರನೆಯ ವಾರ. ಮಹಾನಂದಾ ಭಿನ್ನರಾಶಿ ಹೇಳಿಕೊಡುತ್ತಿದ್ದಳು. ಪಕ್ಕದ ಸ್ಟಾಫ್‌ರೂಮಿಗೂ ಕ್ಲಾಸಿಗೂ ನಡುವೆ ಇದ್ದದ್ದು ಒಂದು ಹಲಗೆಯ ಅಡ್ಡಗೋಡೆ. ಅಲ್ಲಿಂದ ಒಂದು ಮುದಿ ದನಿ ಕೇಳಿಸಿತು.

"ಇಲ್ಲಿ ಮಹಾನಂದಾ ಅಂತ ಲೆಕ್ಕ ಕಲಿಸಾಕಿ ಯಾರರ ಅದಾರೇನ್ರಿ? ನಾ ಮಲಕಾಜಪ್ಪ ಅಂತ, ಜಮಖಂಡಿ ಕಡಿಯಾಂವ. ನಮ್ಮಣ್ಣನ ಮಗನ ಹೇಣ್ತಿ ಆಕಿ. ಮನಿ ಬಿಟ್ಟು ಎರಡು ತಿಂಗಳಾತು. ಮದುವ್ಯಾಗ ಒಮ್ಮೆ ನೋಡೀನಿ, ಮಾರಿನೂ ನೆನಪಿಲ್ಲ. ಉಟ್ಟದ್ದೂ ಸೇರಿ ಮೂರು ಸೀರಿ ತಗೊಂಡು ಹೋಗ್ಯಾಳಂತ."

ಕರಿಹಲಗೆಯ ಮೇಲೆ ಮಹಾನಂದಾಳ ಸೀಮೆಸುಣ್ಣ ನಿಂತಿತು. ಅರೆ ನಿಮಿಷದಲ್ಲಿ ನಾನು ಅವಳ ಬೆವರಿಗೆ ತೊಯ್ದು ತೊಪ್ಪೆಯಾದೆ. ಅವಳ ಎದೆಯ ಬಡಿತಕ್ಕೆ ನನ್ನ ಹುಕ್ಕುಗಳು ಅದುರುತ್ತಿದ್ದವು. ಆ ಕಡೆ ಇದ್ದದ್ದು ಬೇರೆ ಯಾರೂ ಅಲ್ಲ, ನೀಲಗಂಗಾ ಟೀಚರ್. ಮುಗಿಯಿತು, ಇಷ್ಟು ದಿನ ಚುಚ್ಚಿಸಿಕೊಂಡದ್ದೆಲ್ಲ ನೀರಲ್ಲಿ ಹೋಮ ಎಂದುಕೊಂಡೆ.

"ಮೂರ ಸೀರೀನ?" ನೀಲಗಂಗಾ ಟೀಚರ್ ನಕ್ಕದ್ದು ಕೇಳಿಸಿತು. "ಹಂಗಾರ ನಮ್ಮಾಕಿ ಅಲ್ಲ ಬಿಡ್ರಿ ಯಜಮಾನ್ರ. ಮಹಾನಂದಾ ಅನ್ನೋರು ಈ ಊರಾಗ ಓಣಿಗೆ ನಾಲ್ಕು ಮಂದಿ ಸಿಗ್ತಾರ. ನಮ್ಮ ಬಾಯಾರು ದಿನಕ್ಕೊಂದು ತರಾ ಉಟ್ಟು ಬರ್ತಾರ. ಕಪಾಟ ತುಂಬಿ ಚೆಲ್ಲೂವಷ್ಟು ಐತಿ ಅವರ ಹತ್ರ. ಸುಳ್ಳಂದ್ರ ನಮ್ಮ ಆಯಾನ್ನ ಕೇಳ್ರಿ."

ಬೋರಮ್ಮ ಉತ್ಸಾಹದಿಂದ ಶುರುಮಾಡಿದಳು. "ಹೌದ್ರೀ ಯಪ್ಪಾ. ನಿನ್ನೆ ಹಳದಿ ಉಟ್ಟಿದ್ರು, ಮೊನ್ನೆ ಹಸರ, ಅದರಾಚಿ ದಿನಾ ಮತ್ತೊಂದು ಹಸರ, ಅದರ ಸೆರಗ ಬ್ಯಾರೆ. ಇವರದೆಲ್ಲ ಎಣಸಾಕ ಆಗಂಗಿಲ್ರಿ." ಅವಳು ಸುಳ್ಳಾಡಲಿಲ್ಲ. ನಿಜವಾಗಿಯೂ ಹಾಗೇ ನಂಬಿದ್ದಳು.

ಮುದುಕ ನೀರು ಕೇಳಿ ಕುಡಿದ. ಒಂದು ನಿಟ್ಟುಸಿರು ಬಿಟ್ಟ. "ಈ ಬಿಸಲಾಗ ಎಂಟು ಸಾಲಿ ತಿರುಗೀನ್ರಿ. ಇನ್ನ ಎಲ್ಲೂ ಹೋಗಂಗಿಲ್ಲ, ಇಲ್ಲಂತ ಹೇಳಿಬಿಡ್ತೀನಿ. ಆ ಹುಡುಗನ ಕೈಯಾಗ ಯಾರು ಬಾಳೇ ಮಾಡ್ತಾರ್ರಿ" ಎಂದು ಚಪ್ಪಲಿ ಎಳೆಯುತ್ತ ಹೊರಟುಹೋದ.

ಗಂಟೆ ಹೊಡೆದು ಮಕ್ಕಳು ಹೊರಗೋಡಿದರು. ಮಹಾನಂದಾ ಇನ್ನೂ ಕರಿಹಲಗೆಯ ಕಡೆ ಮುಖ ಮಾಡಿಯೇ ನಿಂತಿದ್ದಳು. ನೀಲಗಂಗಾ ಟೀಚರ್ ಒಳಬಂದು ನನ್ನ ತೋಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಈ ಪಟ್ಟಿ ಇನ್ನ ಬಿಚ್ಚಬ್ಯಾಡವಾ. ಅರಿವಿ ತುಂಬ ಸೂಜಿ ತೂತು ಬಿದ್ದಾವ, ಹರಿದು ಹೋಗ್ತದ."

"ಅಕ್ಕಾರ, ನಿಮಗ ಯಾವಾಗಿಂದ..."

"ಇಪ್ಪತ್ತಾರು ವರ್ಷ ಹೊಲಿಗಿ ಕಲಿಸೀನಿ. ಮಂದಿ ಸೀರಿ ನೋಡ್ತಾರ, ನಾ ಜಂಪರ್ ನೋಡ್ತೀನಿ. ಎರಡನೇ ವಾರಾನ ತಿಳೀತು. ಇಷ್ಟು ಜಾಣತನಾ ಮಾಡಿ ಬದಕಾಕ ಹತ್ತ್ಯಾಳ, ಕೆಡಸಬಾರದು ಅಂತ ಸುಮ್ನಿದ್ದೆ. ದಿನಾ ಹೊಸಾದು ಹೊಸಾದು ಅಂತ ಒದರತಿದ್ದದ್ದು ಮಂದಿ ಕಿವಿಗೆ ಬೀಳಲಿ ಅಂತ."

ಮಹಾನಂದಾ ಆವತ್ತು ಅತ್ತಷ್ಟು ಆ ಮನೆಯಲ್ಲೂ ಅತ್ತದ್ದು ನಾನು ಕೇಳಿರಲಿಲ್ಲ. ನೀಲಗಂಗಾ ಟೀಚರ್ ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತರು. ಅವರ ಬಗ್ಗೆ ಅಷ್ಟು ದಿನ ಕೆಟ್ಟದಾಗಿ ಯೋಚಿಸಿದ್ದಕ್ಕೆ ನನಗೆ ನಾಚಿಕೆಯಾಯಿತು.

ಜೂನ್‌ನಲ್ಲಿ ಕೆಲಸ ಖಾಯಂ ಆಯಿತು. ಬಟ್ಟೆ ಒಂದೊಂದಾಗಿ ಕೂಡಿದವು. ನನ್ನ ಬಗಲ ಹೊಲಿಗೆ ಪಿಸಿಯಿತು, ಬಣ್ಣ ಹೋಯಿತು, ಉಡುವ ಕೆಲಸ ತಪ್ಪಿತು. ಆರಾಮ ಸಿಕ್ಕಿತೆಂದು ಕಾಲು ಚಾಚುವಷ್ಟರಲ್ಲಿ ಮತ್ತೊಂದು ಉದ್ಯೋಗ ಗಂಟುಬಿತ್ತು. ನಾನು ಅಳತೆ ಜಂಪರ್ ಆದೆ. ಹೊಸ ಪೀಸು ಹೊಲಿಯಲು ಕೊಟ್ಟಾಗಲೆಲ್ಲ ಜೊತೆಗೆ ನನ್ನನ್ನೂ ಕಳಿಸುವುದು, ಖುರ್ಶಿದಾ ನನ್ನನ್ನು ಹೊಸ ಬಟ್ಟೆಯ ಮೇಲೆ ಹರಡಿ ಸುತ್ತ ಗುರುತು ಹಾಕುವುದು. ನಾಲ್ಕು ವರ್ಷ ಅದೂ ನಡೆಯಿತು. ನನ್ನ ಮೇಲೆ ಸೀಮೆಸುಣ್ಣ ಹತ್ತದ ಜಾಗವಿಲ್ಲ.

ಮೊನ್ನೆ ಮಹಾನಂದಾ ಒಂದು ಕೇಸರಿ ಬಣ್ಣದ ಪೀಸು ತಂದಳು. ಖುರ್ಶಿದಾ ನನ್ನನ್ನು ಎತ್ತಿ ಅವಳ ಬೆನ್ನಿಗೆ ಹಿಡಿದು ನೋಡಿ ಜೋರಾಗಿ ನಕ್ಕಳು.

"ಬಾಯಾರ, ಇದರ ಅಳತಿ ಇನ್ನ ನಡೆಯಂಗಿಲ್ಲ. ಎಲ್ಲಾ ಕಡಿ ಎರಡೆರಡು ಇಂಚು ಬಿಡಬೇಕು."

ಮಹಾನಂದಾ ನಂಬಲಿಲ್ಲ. ಪರದೆಯ ಹಿಂದೆ ಹೋಗಿ ನನ್ನನ್ನು ತೊಟ್ಟು ನೋಡಿದಳು. ಎಷ್ಟು ಎಳೆದರೂ ಹುಕ್ಕು ಕೂಡಲಿಲ್ಲ. ಕನ್ನಡಿ ನೋಡಿ ಅವಳಿಗೂ ನಗು ಬಂತು. ಆ ಮನೆಯಲ್ಲಿ ಏಳು ವರ್ಷ ಉಂಡದ್ದು ಅವಳ ಮೈಗೆ ಹತ್ತಿರಲಿಲ್ಲ. ಈಗ ಹತ್ತುತ್ತಿದೆ. "ಬಿಡ್ರಿ, ಎಷ್ಟು ಬೇಕೋ ಅಷ್ಟು ಸಡ್ಲ ಬಿಡ್ರಿ" ಎಂದು ಹೇಳಿ ನನ್ನನ್ನು ಮೆಲ್ಲಗೆ ಕಳಚಿದಳು.

ಈಗ ನಾನು ಖುರ್ಶಿದಾಳ ಮಷೀನಿನ ಕೆಳಗಿನ ಚಿಂದಿ ಚೀಲದಲ್ಲಿದ್ದೇನೆ. ಯಾರೂ ಎಬ್ಬಿಸುವುದಿಲ್ಲ. ಎಲ್ಲ ಸೀರೆಗೂ ಹೊಂದಿದ ನಾನು ಕೊನೆಗೆ ಅವಳಿಗೇ ಹೊಂದದೆ ಹೋದೆ. ನನಗೆ ಬಹಳ ಸಂತೋಷವಾಗಿದೆ.