ಜೀವಂತ ಮೀನಿನ ಪುಣ್ಯ

ಪಕ್ಕೀರಮ್ಮ ಆ ಮೀನನ್ನು ಮಾರಬಾರದಾಗಿತ್ತು. ಆದರೆ ಮೀನಿನ ವಾಸನೆಯನ್ನೂ ಕಾಣದ ಮನೆತನದ ಹಾಲಸಿದ್ದಪ್ಪನವರು ಬಳ್ಳಾರಿಯಿಂದ ಕಾರು ಮಾಡಿಕೊಂಡು ದೇಶನೂರಿನ ಹೊಳೆದಂಡೆಗೆ ಬಂದು, ಮೂಗಿಗೆ ಟವೆಲ್ ಹಿಡಿದು, "ಜೀವಂತ ಮೀನು ಐತೇನಮ್ಮಾ?" ಎಂದು ಕೇಳಿದಾಗ ಅವಳಿಗೆ ನಗು ಬಂದು ಬುದ್ಧಿ ಹಿಂದೆ ಬಿತ್ತು.

ಅವರ ಮಗಳು ಶೀಲಾಗೆ ಗಂಡು ಕೂಡಿಬರುತ್ತಿರಲಿಲ್ಲ. ಜೀವಂತ ಮೀನನ್ನು ಹೊಳೆಗೆ ಬಿಟ್ಟರೆ ದೋಷ ಕಳೆಯುತ್ತದೆಂದು ಜೋಯಿಸರು ಹೇಳಿದ್ದರಂತೆ. ಬುಟ್ಟಿಯಲ್ಲಿದ್ದ ಗೆಂಡೆಮೀನುಗಳೆಲ್ಲ ಆಗಲೇ ಸತ್ತಿದ್ದವು. ಬದುಕಿದ್ದದ್ದು ಒಂದೇ, ಸಾಯಲೆಂದು ಅವಳೇ ಬೆಳಿಗ್ಗೆ ದಂಡೆಗೆ ಎಸೆದಿದ್ದ, ನೀರಿಲ್ಲದೆಯೂ ತಾಸುಗಟ್ಟಲೆ ಬದುಕುವ ದೆವ್ವದ ಮೀನು. ಪೇಟೆಯವರು ಗಾಜಿನ ತೊಟ್ಟಿಯ ಪಾಚಿ ತಿನ್ನಲೆಂದು ಸಾಕಿ, ದೊಡ್ಡದಾದ ಮೇಲೆ ಹೊಳೆಗೆ ಬಿಟ್ಟು ಕೈತೊಳೆದುಕೊಳ್ಳುವ ಪರದೇಶದ ಪ್ರಾಣಿ. ಮೈಯೆಲ್ಲ ಮುಳ್ಳು, ಬಲೆಗೆ ಬಿದ್ದರೆ ಬಲೆಯೇ ಹರಿಯುತ್ತದೆ. ಬೇರೆ ಮೀನಿನ ಮೊಟ್ಟೆಯನ್ನೂ ಬಿಡುವುದಿಲ್ಲ. ತಿನ್ನೋಣವೆಂದರೆ ಬೆಕ್ಕೂ ಮೂಸುವುದಿಲ್ಲ. ಎರಡು ವರ್ಷದಲ್ಲಿ ಇದರ ಕಾಟಕ್ಕೆ ಅವಳ ಬಲೆ ತೇಪೆ ತುಂಬಿದ ಹಳೇ ಕೌದಿಯಂತಾಗಿತ್ತು, ಗೆಂಡೆ ಅರ್ಧಕ್ಕಿಳಿದಿತ್ತು.

ಹೇಳಬೇಕಿತ್ತು, ಹೇಳಲಿಲ್ಲ. ಒಂದು ಮೀನಿನಿಂದ ಏನಾದೀತು ಅಂದುಕೊಂಡಳು. ಹಾಲಸಿದ್ದಪ್ಪನವರು ಕೈಮುಗಿದು ಅದನ್ನು ನೀರಿಗೆ ಬಿಟ್ಟರು.

ಹದಿನೈದೇ ದಿನದಲ್ಲಿ ಶೀಲಾಳ ಮದುವೆ ನಿಶ್ಚಯವಾಯಿತು! ಯೋಗ್ಯತೆ ಹುಡುಗಿಯದು, ಹೆಸರು ಮೀನಿಗೆ ಬಂತು. ಮುಂದಿನ ಸೋಮವಾರ ಅವರ ಓಣಿಯವರೆಲ್ಲ ನಾಲ್ಕು ಕಾರಿನಲ್ಲಿ ಬಂದಿಳಿದರು. ಮತ್ತೆ ಮೀನು ಬಿಡಲು ಬಂದಿದ್ದಾರೆಂದು ಪಕ್ಕೀರಮ್ಮನಿಗೆ ತಿಳಿಯಿತು. ಓಡಿಹೋಗಿ ಅಡ್ಡ ನಿಂತಳು.

"ಬ್ಯಾಡ್ರೀ ಯಪ್ಪಾ. ಅವತ್ತ ನಾ ಬಾಯಿ ಮುಚ್ಕೊಂಡಿದ್ದು ತಪ್ಪಾತು. ಅದು ಹೊಳೀನ ತಿನ್ನೋ ಮೀನು. ನಿಮಗ ಇನ್ನ ನಾ ಮಾರಂಗಿಲ್ಲ."

"ನೀ ಮಾರೋದು ಬ್ಯಾಡಮ್ಮಾ," ಎಂದರು ಹಾಲಸಿದ್ದಪ್ಪ, ಅಕ್ಕರೆಯಿಂದ. "ನಿನಗ್ಯಾಕ ತ್ರಾಸು ಅಂತ ಬಳ್ಳಾರಿ ಅಂಗಡ್ಯಾಗ ನಾವೇ ತಂದೀವಿ."

ಡಿಕ್ಕಿ ತೆರೆದರೆ ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳು. ಒಂದೊಂದರಲ್ಲೂ ಬೆರಳುದ್ದದ ಮರಿಗಳು, ಅದೇ ಜಾತಿ.

"ಇವು ಬೆಳದ್ರ ನನ್ನ ಗೆಂಡಿ ಒಂದೂ ಉಳಿಯಂಗಿಲ್ರೀ!"

"ನೀ ಹಿಡಿದು ಕೊಲ್ಲೋಕಿ, ನಾವು ಜೀವ ಉಳಿಸೋರು," ಎಂದರು ಅವರ ಹೆಂಡತಿ ಶಿವಬಸಮ್ಮ, ಒಂದಿಷ್ಟೂ ಸಿಟ್ಟಿಲ್ಲದೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಹಾಲಸಿದ್ದಪ್ಪನವರು ಮೊದಲ ಚೀಲದ ಗಂಟು ಬಿಚ್ಚುತ್ತ ಕೇಳಿದರು: "ಪಾಪ, ಮರಿಗಳು ಯಾರ ಕೈಗೂ ಸಿಗಬಾರ್ದು ನೋಡು. ಬಲಿ ಬೀಸದಂಥ ಜಾಗ ಎಲ್ಲೈತಿ, ತೋರಿಸವಾ."

ಪಕ್ಕೀರಮ್ಮ ಬಲೆಯನ್ನು ಸುತ್ತಿ ಹೆಗಲಿಗೆ ಹಾಕಿಕೊಂಡಳು.

"ಎಲ್ಲಿ ಬೇಕಾದ್ರೂ ಬಿಡ್ರೀ. ಮುಂದಿನ ವರ್ಷ ಇಲ್ಲಿ ಬಲಿ ಬೀಸೋರು ಯಾರೂ ಇರಂಗಿಲ್ಲ."