ದೋಣಿಯವನಿಗೆ ದನಿ ಕೊಟ್ಟವರು

ಪಿಸುವನ್ನು ಸಂಶೋಧನಾ ವಿದ್ಯಾರ್ಥಿಗಳ ಸಂಘಕ್ಕೆ ಕಾರ್ಯದರ್ಶಿಯಾಗಿ ಆರಿಸಿದ್ದು ಅವಳು ಸಭೆಗೆ ಹೋಗದೇ ಇದ್ದ ದಿನ. ಹೋಗಿದ್ದವರೆಲ್ಲ ತಮ್ಮ ತಮ್ಮ ಥೀಸಿಸ್ಸಿನ ಕಷ್ಟ ತೋಡಿಕೊಂಡು ಜಾರಿಕೊಂಡರು. ಕೊನೆಗೆ ಅಲ್ಲಿ ಇಲ್ಲದವಳ ತಲೆಗೆ ಕಟ್ಟಿ, ಚಪ್ಪಾಳೆ ತಟ್ಟಿ ಎದ್ದರು. ಸುದ್ದಿ ಮುಟ್ಟಿದಾಗ ಅವಳು ಭೂವಿಜ್ಞಾನ ವಿಭಾಗದ ನೆಲಮಾಳಿಗೆಯಲ್ಲಿ ಕೂತು ನದಿಯಿಂದ ತಂದ ಕಲ್ಲುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದಳು.

"ಮೈಕ್ ಹಿಡಿದ್ರೆ ನನಗೆ ಗಂಟಲು ಕಟ್ಟುತ್ತೆ ಅಂತ ಗೊತ್ತಿದ್ದೂ ಹೀಗಾ ಮಾಡೋದು?" ಎಂದು ಕೇಳಿದಳು. ಸಂಘದ ಅಧ್ಯಕ್ಷ "ಏನಂದೆ?" ಎಂದ. ಅವಳು ಇನ್ನೊಂದು ಸಲ ಹೇಳಿದಳು. ಅದೂ ಅವನಿಗೆ ಕೇಳಿಸಲಿಲ್ಲ. ಪಿಸು ಎಂಬ ಅಡ್ಡಹೆಸರು ಬಂದದ್ದೇ ಹಾಗೆ. ಪಕ್ಕದಲ್ಲಿ ಯಾರೋ ಮಲಗಿದ್ದಾರೆ, ಎಬ್ಬಿಸಬಾರದು ಎನ್ನುವ ಹಾಗೆ ಮಾತಾಡುವ ಹುಡುಗಿ ಅವಳು.

ಕೆಲಸವೇನೋ ದೊಡ್ಡದಲ್ಲ. ತಿಂಗಳಿಗೊಂದು ಭಾಷಣ, ಇಲ್ಲವೇ ಒಂದು ಸಿನಿಮಾ. ಕಷ್ಟವಿದ್ದದ್ದು ಜನರನ್ನು ಕರೆತರುವುದರಲ್ಲಿ. ಹಿಂದಿನ ಭಾಷಣಕ್ಕೆ ಬಂದವರು ಒಂದು ಬೆಂಚಿಗೂ ಸಾಲುತ್ತಿರಲಿಲ್ಲ. ಅವರಲ್ಲೊಬ್ಬ ಫೋನು ಚಾರ್ಜ್ ಮಾಡಲು ಬಂದವನು, ಇನ್ನೊಬ್ಬ ಬೇರೆ ಯಾವುದೋ ಸಭೆಯೆಂದು ತಿಳಿದು ಬಂದು, ಎದ್ದು ಹೋಗಲು ಸಂಕೋಚಪಟ್ಟು ಕೂತವನು. ಮಾರನೆಯ ದಿನವೇ ಡೀನ್ ಕರೆಸಿ, "ನೋಡಮ್ಮ, ಇನ್ನೊಂದು ಸಲ ಖಾಲಿ ಕುರ್ಚಿಗಳಿಗೆ ಭಾಷಣ ಮಾಡಿಸಿದ್ರೆ ಆ ಸಭಾಂಗಣಾನ ಟೇಬಲ್ ಟೆನ್ನಿಸ್‌ನವರಿಗೆ ಕೊಟ್ಟುಬಿಡ್ತೀನಿ. ಪಾಪ, ಅವರು ವರಾಂಡದಲ್ಲಿ ಆಡ್ತಿದಾರೆ," ಎಂದಿದ್ದರು.

ಹಾಗಾಗಿ ಈ ಸಲ ಪಿಸು ತಲೆ ಓಡಿಸಿದಳು. ಪೋಸ್ಟರಿನಲ್ಲಿ ಸಿನಿಮಾದ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ 'ಕಾಫಿ, ಕೇಕ್ ಉಂಟು' ಎಂದು ಬರೆಸಿದಳು.

ಸಿನಿಮಾ ಮಾತ್ರ ಅವಳು ಮನಸ್ಸಿಟ್ಟು ಹುಡುಕಿದ್ದು. ನದಿಯಲ್ಲಿ ದೋಣಿ ನಡೆಸುವ ಗಂಡ ಹೆಂಡತಿಯ ಕಥೆ. ದಡದಲ್ಲಿ ಸೇತುವೆ ಏಳುತ್ತಿರುತ್ತದೆ, ದೋಣಿಗೆ ಜನ ಕಮ್ಮಿಯಾಗುತ್ತಾರೆ, ಗಂಡ ಹೆಂಡತಿಗೆ ಹೇಳದೆ ಅದೇ ಸೇತುವೆಯ ಕೂಲಿಗೆ ಸೇರಿಕೊಳ್ಳುತ್ತಾನೆ. ಅದನ್ನು ತೆಗೆದ ನಿರ್ದೇಶಕಿಗೆ ಈಗ ವಯಸ್ಸಾಗಿತ್ತು. ಆಮೇಲೆ ಅವರು ಬೇರೆ ಸಿನಿಮಾ ಮಾಡಿರಲಿಲ್ಲ. ಪಿಸು ಅಂಜುತ್ತಲೇ ಫೋನ್ ಮಾಡಿದಾಗ, "ಬರ್ತೀನಮ್ಮ, ಯಾರು ಕರೀತಾರೆ ಈಗ ನನ್ನ? ಆದ್ರೆ ಕೂತು ನೋಡು ಅನ್ಬೇಡ. ನನ್ನ ತಪ್ಪುಗಳನ್ನ ಅಷ್ಟು ದೊಡ್ಡದಾಗಿ ಪರದೆ ಮೇಲೆ ನೋಡೋಕೆ ನನ್ನ ಕೈಲಾಗಲ್ಲ. ಮುಗಿಯೋ ಹೊತ್ತಿಗೆ ಬಂದು ಅವರು ಕೇಳಿದ್ದಕ್ಕೆ ಉತ್ತರ ಹೇಳ್ತೀನಿ," ಎಂದಿದ್ದರು.

ಎರಡು ಮಾತಿನ ಪರಿಚಯ ಹೇಳಲೇಬೇಕಲ್ಲ ಎಂದು ಪಿಸು ಆ ವಾರವೆಲ್ಲ ಮನೆಯಲ್ಲಿ ಅದೇ ಸಿನಿಮಾ ಹಾಕಿಕೊಂಡು ಕೂತಳು. ಅವಳು ಇದ್ದದ್ದು ಅಕ್ಕ ಭಾವನ ಜೊತೆ. ಔಷಧದಂಗಡಿಯ ಬಾಗಿಲು ಹಾಕಿ ಬಂದ ಅಕ್ಕ ಬಟ್ಟೆ ಇಸ್ತ್ರಿ ಮಾಡುತ್ತ ಅರ್ಧ ನೋಡಿದಳು, ಅರ್ಧ ಕೇಳಿಸಿಕೊಂಡಳು, ಭಾವನ ಅಂಗಿಯ ಕಾಲರು ಸುಟ್ಟಳು. "ಹೇಳಬಾರದಿತ್ತಾ ಅವನು ಹೆಂಡತಿಗೆ? ಗಂಡಸರೆಲ್ಲ ಒಂದೇ," ಎಂದು ಸುಟ್ಟ ಅಂಗಿಯ ಯಜಮಾನನನ್ನೇ ಬೈದಳು.

ಆ ಸಂಜೆ ಸಭಾಂಗಣ ತುಂಬಿತು. ಕೇಕಿನ ಮಹಿಮೆ. ಟೇಬಲ್ ಟೆನ್ನಿಸ್‌ನವರೂ ಬ್ಯಾಟುಗಳ ಸಮೇತ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಪಿಸು ಮೈಕಿನಲ್ಲಿ ಏನೋ ಗೊಣಗಿದಳು, ಜನ ಅದನ್ನೇ ಪರಿಚಯವೆಂದುಕೊಂಡು ಚಪ್ಪಾಳೆ ತಟ್ಟಿದರು. ದೀಪ ಆರಿತು. ಪರದೆಯ ಮೇಲೆ ನದಿ ಬಂತು, ದೋಣಿ ಬಂತು, ದೋಣಿಯವ ಬಾಯಿ ತೆರೆದ. ದನಿ ಮಾತ್ರ ಬರಲಿಲ್ಲ.

ಗುಂಡಿ ಒತ್ತಿದರು, ವೈರು ಕಿತ್ತು ಚುಚ್ಚಿದರು, ಸ್ಪೀಕರಿನ ಡಬ್ಬಿಗೆ ಎರಡು ಬಾರಿಸಿ ನೋಡಿದರು. ಧ್ವನಿಯ ವ್ಯವಸ್ಥೆ ನೋಡಿಕೊಳ್ಳುವ ಟೆಕ್ನಿಷಿಯನ್ ಎಲ್ಲಿ ಎಂದರೆ, ಕಿವಿ ನೋವೆಂದು ಡಾಕ್ಟರ ಹತ್ತಿರ ಹೋಗಿದ್ದಾನೆ ಎಂದು ತಿಳಿಯಿತು. ಕುರ್ಚಿಗಳು ಕಿರಗುಟ್ಟತೊಡಗಿದವು. ಕೇಕು ತಿಂದಾಗಿತ್ತು, ಇನ್ನು ಕೂರುವ ಋಣವೇನೂ ಇರಲಿಲ್ಲ. ಮುಂದಿನ ಸಾಲಿನವರು ಎದ್ದು ಬ್ಯಾಗು ಹೆಗಲಿಗೇರಿಸಿದರು.

ಪಿಸುವಿಗೆ ಡೀನ್ ನೆನಪಾದರು. ಅವರಿಗಿಂತ ಹೆಚ್ಚಾಗಿ, ಅಷ್ಟು ದೂರದಿಂದ ರೈಲಿನಲ್ಲಿ ಬರುತ್ತಿರುವ ಮುದುಕಿ ನೆನಪಾದರು. ಮೈಕು ಕೈಯಲ್ಲೇ ಇತ್ತು. ಅದರ ಡಬ್ಬಿ ಬೇರೆ, ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಪರದೆಯ ಮೇಲೆ ಹೆಂಡತಿ ದಡದಲ್ಲಿ ನಿಂತು ಗಂಡನನ್ನು ಕೂಗುತ್ತಿದ್ದಳು.

"ಬುತ್ತಿ ಮರೆತು ಹೋಗ್ತಿದೀರಿ!" ಎಂದಳು ಪಿಸು.

ಸಭಾಂಗಣ ತಿರುಗಿ ನೋಡಿತು. ಅವಳು ಕಣ್ಣನ್ನು ಪರದೆಯಿಂದ ಕೀಳಲಿಲ್ಲ. ಕಿತ್ತರೆ ಕೆಟ್ಟೆ ಎಂದು ಅವಳಿಗೆ ಗೊತ್ತಿತ್ತು. "ಮಧ್ಯಾಹ್ನ ಹಸಿವಾದ್ರೆ ನೀರು ಕುಡೀತೀರಾ?"

ಈಗ ಗಂಡ ಉತ್ತರ ಕೊಡಬೇಕು. ಆ ಮಾತೂ ಅವಳಿಗೆ ಬಾಯಿಪಾಠವಿತ್ತು. ಆದರೆ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಒಂದು ದಪ್ಪ ದನಿ ಬಂತು: "ನದೀಲಿ ಇರೋದೇ ನೀರಲ್ವೇನೇ? ತಾ ಇಲ್ಲಿ ಬುತ್ತಿ!"

ಜನ ನಕ್ಕರು. ಎದ್ದವರು ನಿಂತಲ್ಲೇ ನಿಂತರು.

ದನಿ ರಸಾಯನಶಾಸ್ತ್ರದ ಏಣಿಯದು. ಅವನು ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ, ಅದಕ್ಕೇ ಆ ಹೆಸರು. ಪಿಸು ಅವನ ಜೊತೆ ಮಾತಾಡಿದವಳಲ್ಲ. ಅವನು ಈ ಸಿನಿಮಾ ನೋಡಿದವನಲ್ಲ. ಪರದೆಯಲ್ಲಿ ತುಟಿ ಅಲುಗಿದಾಗೆಲ್ಲ ಬಾಯಿಗೆ ಬಂದದ್ದು ಹೇಳತೊಡಗಿದ. ಒಬ್ಬ ಮುದುಕ ಮೇಕೆ ಹತ್ತಿಸಿದರೆ, "ಯಜಮಾನ್ರೇ, ಇವರಿಗೆ ಅರ್ಧ ಟಿಕೆಟ್ಟೋ ಪೂರ್ತೀನೋ? ಗಡ್ಡ ನೋಡಿದ್ರೆ ಹಿರಿಯರ ಥರ ಇದಾರೆ," ಎಂದ. ಗಂಡ ಸುಮ್ಮನೆ ಎದ್ದು ದೂರ ನಡೆದರೆ, "ಗೈಡ್ ಫೋನ್ ಮಾಡ್ತಿದಾರೆ ಕಣೇ, ಮೂರನೇ ಅಧ್ಯಾಯ ಎಲ್ಲಿ ಅಂತ. ನಾನು ಮುಳುಗಿ ಸತ್ತೆ ಅಂದ್ಬಿಡು," ಎಂದ. ಸಂಶೋಧನಾ ವಿದ್ಯಾರ್ಥಿಗಳ ಸಭೆ ಬಿದ್ದು ಬಿದ್ದು ನಕ್ಕಿತು. ವರಾಂಡದಲ್ಲಿ ಹೋಗುತ್ತಿದ್ದವರೂ ಒಳಗೆ ಇಣುಕಿ, ಗೋಡೆಗೆ ಒರಗಿ ನಿಂತರು.

ಪಿಸುವಿಗೆ ಮೈ ಉರಿಯಿತು. ಇವನು ಆ ಬಡಪಾಯಿ ಗಂಡನನ್ನು ಕೋಡಂಗಿ ಮಾಡುತ್ತಿದ್ದಾನೆ! ಗಂಡ ಕೆನ್ನೆಗೆ ಕೈಯಿಟ್ಟು ಕೂತ ದೃಶ್ಯ ಬಂದಾಗ ಏಣಿ, "ಅಯ್ಯೋ, ಹಲ್ಲು ನೋವು!" ಎಂದು ನರಳಿದ.

"ಹಲ್ಲು ನೋವಲ್ಲ ನಿಮಗೆ, ಸೇತುವೆ ಚಿಂತೆ," ಎಂದಳು ಪಿಸು ತಟ್ಟನೆ. "ನಿಮ್ಮ ಮುಖ ನೋಡಿದ್ರೆ ನನಗೆ ಗೊತ್ತಾಗಲ್ವಾ? ಎಷ್ಟು ವರ್ಷದಿಂದ ನೋಡ್ತಿದೀನಿ ಈ ಮುಖಾನ."

ಯಾರೋ "ಆಹಾ!" ಎಂದರು. "ಯಾವ ಸೇತುವೆ?" ಎಂದ ಏಣಿ.

"ಎದುರಿಗೇ ಕಟ್ತಿದಾರಲ್ಲ, ಅದು. ಕಣ್ಣು ಬಿಟ್ಟು ನೋಡಿ."

ಅವನು ನೋಡಿದ. ಆಮೇಲಿಂದ ಆಟದ ರೀತಿ ಬದಲಾಯಿತು. ಏಣಿ ಕಥೆಯನ್ನು ಹಾಸ್ಯದ ಕಡೆ ಎಳೆಯುವುದು, ಪಿಸು ಅದನ್ನು ನದಿಗೆ ಎಳೆದು ತರುವುದು. ಅವಳ ದನಿ ಎಲ್ಲಿಂದ ಬರುತ್ತಿತ್ತೋ, ಕೊನೆಯ ಸಾಲಿಗೂ ಮುಟ್ಟುತ್ತಿತ್ತು. ತಾನು ಮಾತಾಡುತ್ತಿದ್ದೇನೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು, ಜಗಳವಾಡುತ್ತಿದ್ದೇನೆ ಎಂದಷ್ಟೇ ಗೊತ್ತಿತ್ತು. ಜನ ನಗುತ್ತಲೇ ಆ ಗಂಡ ಹೆಂಡತಿಯ ಪಕ್ಷ ವಹಿಸತೊಡಗಿದರು. ಗಂಡ ಕೂಲಿಯ ಬಟ್ಟೆ ತೊಟ್ಟು ಸೇತುವೆಯ ಕಡೆ ಕದ್ದು ಹೋದಾಗ ಟೇಬಲ್ ಟೆನ್ನಿಸ್‌ನವನೊಬ್ಬ, "ಬೇಡಪ್ಪಾ, ಗೊತ್ತಾದ್ರೆ ಅವಳು ಸುಮ್ಮನೆ ಬಿಡಲ್ಲ!" ಎಂದು ಕೂಗಿಯೇಬಿಟ್ಟ.

ಅವಳಿಗೆ ಗೊತ್ತಾಯಿತು. ಸಂಜೆ ಅವನ ಅಂಗಿಗೆ ಮೆತ್ತಿದ್ದ ಸಿಮೆಂಟು ನೋಡಿ ಹೆಂಡತಿ ಎದುರಿಗೆ ಬಂದು ನಿಂತಳು. ಗಂಡ ತಲೆಯೆತ್ತಿ ಮಾತಾಡತೊಡಗಿದ. ಅದು ಉದ್ದ ಮಾತು. ಪಿಸು ಏಣಿಯ ಕಡೆ ನೋಡಿದಳು. ಅವನು ಬಾಯಿ ತೆರೆದ, ಮುಚ್ಚಿದ. ಆ ಹೆಂಡತಿಯ ಮುಖ ನೋಡಿ ತಮಾಷೆ ಮಾಡಲು ಅವನಿಗೆ ಮನಸ್ಸು ಬರಲಿಲ್ಲ, ತಮಾಷೆಯಲ್ಲದ್ದು ಏನು ಹೇಳಬೇಕೋ ತಿಳಿಯಲಿಲ್ಲ. ಸಭಾಂಗಣದಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟರು. ಗಂಡನ ತುಟಿ ಸುಮ್ಮನೆ ಅಲುಗುತ್ತಿತ್ತು.

ಅದೇ ಹೊತ್ತಿಗೆ ಟೆಕ್ನಿಷಿಯನ್ ಕಿವಿಗೆ ಹತ್ತಿ ತುರುಕಿಕೊಂಡು ಡಾಕ್ಟರ ಹತ್ತಿರದಿಂದ ವಾಪಸು ಬಂದ. ಪಾಪ, ಅವನು ಬಂದವನೇ ಯಾರನ್ನೂ ಕೇಳದೆ ಒಂದು ವೈರು ಕಿತ್ತು ಪಕ್ಕದ ತೂತಿಗೆ ಚುಚ್ಚಿದ.

"...ಮನುಷ್ಯನ ಬಾಳೆಂದರೆ ಎರಡು ದಡಗಳ ನಡುವಿನ ಸಂಬಂಧ! ಕಾಲ ಬದಲಾದಂತೆ ನಾವೂ..." ಎಂದು ನಿಜವಾದ ದೋಣಿಯವ ಗುಡುಗಿದ.

ಎಲ್ಲರೂ ಬೆಚ್ಚಿಬಿದ್ದರು. ಮರುಕ್ಷಣವೇ ಗಲಾಟೆ ಎದ್ದಿತು. "ಬೇಡ, ಬೇಡ! ಸೌಂಡ್ ತೆಗೀರಿ! ನಮ್ಮವರೇ ಮಾತಾಡಲಿ!" ಕುರ್ಚಿ ಕುಟ್ಟಿದರು, ಶಿಳ್ಳೆ ಹಾಕಿದರು. ಪಿಸು ದನಿ ತಗ್ಗಿಸಲು ಹೇಳೋಣವೆಂದು ತಿರುಗಿದಳು. ಬಾಗಿಲ ಬಳಿ, ಗೋಡೆಗೆ ಒರಗಿ ನಿಂತವರ ನಡುವೆ, ಕೈಯಲ್ಲಿ ಸಣ್ಣ ಸೂಟ್‌ಕೇಸು ಹಿಡಿದ ಬೆಳ್ಳಿಕೂದಲ ಹೆಂಗಸೊಬ್ಬರು ಇದ್ದರು.

ರೈಲು ಬೇಗ ಬಂದಿತ್ತು.

ಪಿಸು ಸಿನಿಮಾ ನಿಲ್ಲಿಸಿ, ದೀಪ ಹಾಕಿಸಿ, ಮೆಟ್ಟಿಲು ಹತ್ತಿ ಬಾಗಿಲ ಬಳಿಗೆ ಹೋದಳು. "ಮೇಡಂ, ತಪ್ಪಾಯ್ತು. ಸೌಂಡ್ ಬರ್ಲಿಲ್ಲ, ಜನ ಎದ್ದು ಹೋಗ್ತಿದ್ರು, ನಾನೇ ಶುರು ಮಾಡಿದ್ದು..."

"ಎಷ್ಟು ಹೊತ್ತಿಂದ ನಿಂತಿದೀನಿ ಗೊತ್ತಾ?" ಎಂದರು ನಿರ್ದೇಶಕಿ. ಮುಖದಲ್ಲಿ ನಗುವಿರಲಿಲ್ಲ. "ಮೇಕೆಗೆ ಟಿಕೆಟ್ ಕೇಳಿದ್ದು ಯಾರು?"

ಏಣಿ ಕೂತಲ್ಲೇ ಕುಗ್ಗಲು ನೋಡಿದ. ಅಷ್ಟು ಉದ್ದದ ದೇಹ ಎಲ್ಲಿ ಅಡಗೀತು? ಕೊನೆಗೆ ಎದ್ದು ನಿಂತ. "ನಾನು ಮೇಡಂ."

"ನನಗೆ ತುಂಬಾ ಸಿಟ್ಟು ಬಂತಪ್ಪ. ಆ ದೃಶ್ಯಕ್ಕೆ ನಾವು ಚಳೀಲಿ ಎಷ್ಟು ಒದ್ದಾಡಿದೀವಿ! ಬಂದ ದಾರೀಲೇ ವಾಪಸು ಹೋಗೋಣ ಅಂತ ತಿರುಗಿದ್ದೂ ಹೌದು." ಅವರು ಸೂಟ್‌ಕೇಸನ್ನು ಕೆಳಗಿಟ್ಟರು. "ಆಮೇಲೆ ನೀನು ಸುಮ್ಮನಾದೆ ನೋಡು, ಆಗ ನಿಂತೆ. ಗಂಡನ ಆ ಉದ್ದ ಭಾಷಣ ನಾನು ಬರೆದದ್ದಲ್ಲ. ನಿರ್ಮಾಪಕರು ಹಟ ಹಿಡಿದು ತುರುಕಿಸಿದ್ದು, ಜನಕ್ಕೆ ಅರ್ಥ ಆಗಲ್ಲ ಅಂತ. ಅವನು ಅವಳ ಮುಂದೆ ಏನೂ ಹೇಳಲಾರದೆ ನಿಲ್ಲಬೇಕು ಅಂತ ನನಗಿತ್ತು. ನಾನು ಚಿಕ್ಕವಳು ಆಗ, ಜಗಳ ಆಡೋಕೆ ಧೈರ್ಯ ಸಾಲ್ಲಿಲ್ಲ. ಎಲ್ಲರೂ ನಿಟ್ಟುಸಿರು ಬಿಟ್ರಿ ನೀವು, ನನಗೆ ಕೇಳಿಸ್ತು."

ಅವರು ಬಂದು ಮುಂದಿನ ಸಾಲಿನಲ್ಲಿ ಕೂತರು. "ಹಾಕ್ಸಮ್ಮ. ಭಾಷಣ ಮುಗಿಯೋವರೆಗೆ ಸೌಂಡ್ ಬೇಡ. ಅದಾದ ಮೇಲೆ ಬೇಕು. ಕೊನೇದು ಮಾತ್ರ ನಾನೇ ಬರೆದಿದ್ದು, ಅದನ್ನ ನನ್ನ ಪಾತ್ರಗಳ ಬಾಯಲ್ಲೇ ಕೇಳಿ."

ಹಾಗೇ ಆಯಿತು. ಗಂಡ ದನಿಯಿಲ್ಲದೆ ನಿಂತ, ಹೆಂಡತಿ ಅವನ ಅಂಗಿಯ ಸಿಮೆಂಟನ್ನು ಉಗುರಿನಿಂದ ಕೆರೆದಳು. ಆಮೇಲೆ ನೀರಿನ ಸದ್ದು ಬಂತು. ಸೇತುವೆ ತೆರೆಯುವ ದಿನ. ಮೇಲೆ ಜನ, ವಾದ್ಯ. ಕೆಳಗೆ ಖಾಲಿ ದೋಣಿ. "ಇವತ್ತು ಒಂದು ದಿನ ನಾನು ಹುಟ್ಟು ಹಾಕಲ್ಲ," ಎಂದಳು ಪರದೆಯ ಹೆಂಡತಿ. "ನನ್ನನ್ನ ಗಿರಾಕಿ ಥರ ಕೂರಿಸ್ಕೊಂಡು ಹೋಗಿ. ನಮ್ಮ ನದಿ ನಾನು ಸುಮ್ಮನೆ ಕೂತು ನೋಡೇ ಇಲ್ಲ." ದೋಣಿ ಸೇತುವೆಯ ನೆರಳು ದಾಟಿ ಹೋಯಿತು. ಏಣಿ ಕನ್ನಡಕ ತೆಗೆದು ಒರೆಸಿಕೊಂಡ, ಒರೆಸುತ್ತಲೇ ಇದ್ದ.

ಆಮೇಲಿನ ಚರ್ಚೆ ಕಸ ಗುಡಿಸುವವರು ಬಂದು ನಿಂತರೂ ಮುಗಿಯಲಿಲ್ಲ. ನಿರ್ದೇಶಕಿ ಒಂದೆರಡು ಕಡೆ ಗದರಿದರು, ಒಂದು ಕಡೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಡೀನ್ ಯಾವಾಗಲೋ ಬಂದು ಕೂತಿದ್ದರು. ಹೋಗುವಾಗ ಟೇಬಲ್ ಟೆನ್ನಿಸ್‌ನವರನ್ನು ನೋಡಿ, "ವರಾಂಡಕ್ಕೆ ಒಂದು ದೀಪ ಹಾಕಿಸ್ಕೊಡ್ತೀನಿ ಬಿಡ್ರಪ್ಪಾ," ಎಂದರಂತೆ.

ನಿರ್ದೇಶಕಿಯನ್ನು ರೈಲು ಹತ್ತಿಸಲು ಪಿಸು ಹೊರಟಾಗ ಏಣಿ ಕೇಳದೆಯೇ ಸೂಟ್‌ಕೇಸು ಎತ್ತಿಕೊಂಡ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮೂವರೂ ಕೂತರು.

"ನೀನೇನು ಓದ್ತಿದೀಯಮ್ಮ?" ಎಂದರು ನಿರ್ದೇಶಕಿ.

"ಕಲ್ಲು, ಮೇಡಂ. ನದೀಲಿರೋ ಕಲ್ಲು ಎಲ್ಲಿಂದ ಉರುಳಿಕೊಂಡು ಬಂತು ಅಂತ."

"ಅಯ್ಯೋ, ನೀನು ಆಗ ಇರಬೇಕಿತ್ತು! ನಾವು ಶೂಟಿಂಗ್ ಮಾಡಿದ ನದೀಲಿ ಒಂದು ದಡದಲ್ಲಿ ಬರೀ ಬಿಳಿ ಕಲ್ಲು, ಇನ್ನೊಂದರಲ್ಲಿ ಬರೀ ಕರಿ ಕಲ್ಲು. ಯಾಕೆ ಅಂತ ಯಾರನ್ನ ಕೇಳಿದ್ರೂ ಗೊತ್ತಿಲ್ಲ ಅಂದ್ರು. ಈಗಲೂ ಕೆಲವು ಸಲ ನೆನಪಾಗುತ್ತೆ."

"ಮೇಲ್ಗಡೆ ಎಲ್ಲೋ ಒಂದು ಉಪನದಿ ಸೇರಿರಬೇಕು," ಎಂದಳು ಪಿಸು. ಕೈಚೀಲದಿಂದ ಬಾಚಣಿಗೆ ತೆಗೆದು ಅದನ್ನೇ ನದಿ ಮಾಡಿದಳು, ಕರವಸ್ತ್ರವನ್ನು ಬೆಟ್ಟ ಮಾಡಿದಳು, ಏಣಿಯ ಅಂಗೈಯನ್ನು ಕಣಿವೆ ಮಾಡಿದಳು. ಅವನು ಕೈ ಅಲ್ಲಾಡಿಸದೆ ಕೂತ. ಎರಡು ನೀರು ಕೂಡಿದರೂ ಬಹುದೂರ ಬೆರೆಯದೆ ಪಕ್ಕಪಕ್ಕದಲ್ಲೇ ಹರಿಯುವುದನ್ನು ಹೇಳುತ್ತಿರುವಾಗ ರೈಲು ಬಂದುಬಿಟ್ಟಿತು.

ನಿರ್ದೇಶಕಿ ಕಿಟಕಿಯಿಂದ ಮುಖ ಹಾಕಿ, "ಉಳಿದದ್ದು ನಾಳೆ ಫೋನ್ ಮಾಡಿ ಹೇಳು. ಬೆಳಿಗ್ಗೇನೇ ಮಾಡು, ನಾನು ಬೇಗ ಏಳ್ತೀನಿ," ಎಂದರು.

ರೈಲು ಹೋಯಿತು. ಇಬ್ಬರೂ ಸ್ಟೇಷನ್ನಿನ ಹೊರಗೆ ಬಸ್ಸಿಗೆ ನಿಂತರು. ಏಣಿಯ ಬಸ್ಸು ಬಂತು. ಅವನು ಹತ್ತಲಿಲ್ಲ.

"ನಾಳೆ ಬೆಳಿಗ್ಗೆ ತನಕ ನಾನು ಕಾಯ್ಬೇಕಾ?" ಎಂದ. "ಆ ಕರಿ ಕಲ್ಲು ಎಲ್ಲಿಂದ ಬಂತು, ಅದನ್ನ ಹೇಳು."